ಲಿಮಾದಲ್ಲಿ ಕೊನೆಯ ದಿನ: ಹಳೇ ಪೇಟೆಯೋ, ಲಾರ್ಕೊ ಮ್ಯೂಸಿಯಮ್ಮೋ, ಕಡಲಂಚೋ?

ನಮ್ಮವರು ಪೆರುವಿಗೆ ಹೋಗುವುದೇ ಮಚು ಪಿಚು ನೋಡಲು. ರಾಜಧಾನಿ ಲಿಮಾ ಅವರ ಲೆಕ್ಕದಲ್ಲಿ ವಿಮಾನ ಬದಲಿಸುವ ಊರು. ಮಚು ಪಿಚುವಿಗೆ ಹೋಗಲು ತಂಗುವ ಬೆಟ್ಟದೂರು ಕುಸ್ಕೊದಿಂದ ಇಳಿದು ಬಂದ ಮೇಲೆ, ಮನೆಗೆ ಹೊರಡುವ ವಿಮಾನದ ತನಕ ಒಂದು ಹಗಲು ಕೈಯಲ್ಲಿ ಉಳಿಯುತ್ತದೆ. ಅದನ್ನು ಏನು ಮಾಡಬೇಕೆಂಬ ಯೋಚನೆ ಬರುವುದು ಹಿಂದಿನ ರಾತ್ರಿ, ಬಟ್ಟೆ ಮಡಚಿ ಸೂಟ್‌ಕೇಸಿಗೆ ತುಂಬುವಾಗ.

ಅರ್ಧ ದಿನದಲ್ಲಿ ಇಡೀ ಲಿಮಾ ತೋರಿಸುತ್ತೇವೆ ಅಂತ ಹೋಟೆಲಿನ ಕೌಂಟರಿನಲ್ಲೇ ಟೂರ್ ಮಾರುತ್ತಾರೆ. ಬೇಡ. ಸುಮಾರು ಒಂದು ಕೋಟಿ ಜನರಿರುವ ಊರು ಅದು. ಪ್ರವಾಸಿಗರು ಉಳಿಯುವ ಮಿರಾಫ್ಲೋರೆಸ್ಸಿಗಾಗಲಿ ವಿಮಾನ ನಿಲ್ದಾಣಕ್ಕಾಗಲಿ ಮೆಟ್ರೋ ರೈಲಿಲ್ಲ, ಎಲ್ಲವೂ ರಸ್ತೆಯ ಮೇಲೆಯೇ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ಕಡೆ ಹೋಗಿ ಮೂರನ್ನೂ ಬಸ್ಸಿನ ಕಿಟಕಿಯಿಂದ ನೋಡುವುದಕ್ಕಿಂತ ಒಂದೇ ಕಡೆ ಹೋಗಿ ನೆಮ್ಮದಿಯಾಗಿ ಸುತ್ತಿ ಬರುವುದು ಲೇಸು. ಯಾವುದು ಆ ಒಂದು ಅನ್ನುವುದೇ ಪ್ರಶ್ನೆ.

ಉತ್ತರ ಸಿಗಬೇಕಾದರೆ ಊರಿನ ನಕ್ಷೆ ಸ್ವಲ್ಪ ತಿಳಿದಿರಬೇಕು. ಹೆಚ್ಚಿನ ಹೋಟೆಲುಗಳು ದಕ್ಷಿಣದಲ್ಲಿ, ಕಡಲಿನ ಮೇಲಿನ ಕಡಿದಾದ ದಂಡೆಯಲ್ಲಿರುವ ಮಿರಾಫ್ಲೋರೆಸ್‌ನಲ್ಲಿವೆ. ಹೋರ್ಹೆ ಚಾವೆಸ್ ವಿಮಾನ ನಿಲ್ದಾಣ ವಾಯವ್ಯದಲ್ಲಿ, ಬಂದರು ಊರಾದ ಕಯಾವೊದಲ್ಲಿದೆ. ಹಳೇ ಪೇಟೆ ಉತ್ತರಕ್ಕೆ, ಒಳನಾಡಿನ ಕಡೆ. ಲಾರ್ಕೊ ಮ್ಯೂಸಿಯಂ ಇರುವ ಪ್ವೆಬ್ಲೊ ಲಿಬ್ರೆ ಬಡಾವಣೆ ಮಿರಾಫ್ಲೋರೆಸ್ಸಿಗೂ ವಿಮಾನ ನಿಲ್ದಾಣಕ್ಕೂ ನಡುವೆ. ಹಳೆಯ ಮನೆಗಳ ಬಡಾವಣೆ ಬರಾಂಕೊ ಇನ್ನೂ ದಕ್ಷಿಣಕ್ಕೆ, ಹಳೆಯ ಗುಡಿಗಳ ಕ್ಷೇತ್ರ ಪಚಕಾಮಾಕ್ ಅದಕ್ಕಿಂತಲೂ ಆಚೆ. ಅಂದರೆ ಕೊನೆಯ ದಿನ ದಕ್ಷಿಣಕ್ಕೆ ಹೋದಷ್ಟೂ ಸಂಜೆ ವಾಪಸ್ಸು ಬರುವ ದಾರಿ ಉದ್ದವಾಗುತ್ತದೆ.

ಇನ್ನು ವಿಮಾನದ ಗಂಟೆ. ಯೂರೋಪಿನ ಮೇಲೆ ಭಾರತಕ್ಕೆ ಬರುವವರ ವಿಮಾನ ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿಯ ಮೊದಲ ಹೊತ್ತಿಗೆ ಹೊರಡುತ್ತದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಹಿಡಿಯುವ ವಿಮಾನಗಳಲ್ಲಿ ಹಲವು ನಡುರಾತ್ರಿಯ ಆಸುಪಾಸಿನವು. ವಿಮಾನಕ್ಕೆ 3 ಗಂಟೆ ಮೊದಲು ಅಲ್ಲಿರಬೇಕು. ಮಿರಾಫ್ಲೋರೆಸ್‌ನಿಂದ ಹೋಗಲು ಸಂಜೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ಹೊಸ ಟರ್ಮಿನಲ್ 2025ರ ಜೂನ್ 1ರಂದು ಶುರುವಾಗಿದೆ, ಅದಕ್ಕೆ ಹೋಗುವ ದಾರಿಯೂ ಬೇರೆ. ಹಳೆಯ ಬ್ಲಾಗುಗಳಲ್ಲಿ ಬರೆದಿರುವ ಸಮಯವನ್ನು ನಂಬಿಕೊಂಡು ಹೊರಡಬೇಡಿ. ಒಟ್ಟಿನಲ್ಲಿ ರಾತ್ರಿ 8ರ ವಿಮಾನವಿದ್ದವರ ದಿನ ಮಧ್ಯಾಹ್ನ ಮೂರೂವರೆಗೇ ಮುಗಿಯಿತು.

ಹಳೇ ಪೇಟೆ

ಇತಿಹಾಸದ ಹುಚ್ಚಿರುವವರು ಮೊದಲು ಓಡುವುದು ಇಲ್ಲಿಗೇ. ಸ್ಪೇನಿನ ದಂಡನಾಯಕ ಫ್ರಾನ್ಸಿಸ್ಕೊ ಪಿಸಾರೊ 1535ರ ಜನವರಿ 18ರಂದು ಈ ಊರು ಕಟ್ಟಿಸಿದ. ಅವನನ್ನು 1541ರಲ್ಲಿ ಎದುರಾಳಿ ಗುಂಪಿನ ಸ್ಪೇನಿಗರೇ ಇಲ್ಲೇ ಕೊಂದರು. ಪ್ಲಾಸಾ ಮಯೋರ್ ಚೌಕದ ಕೆಥೆಡ್ರಲ್ಲಿನಲ್ಲಿ ಅವನ ಸಮಾಧಿಯಿದೆ. ಅದರ ಕತೆ ಸೊಗಸಾಗಿದೆ: ಗಾಜಿನ ಪೆಟ್ಟಿಗೆಯಲ್ಲಿ ಪಿಸಾರೊ ಎಂದು ಬಹುಕಾಲ ತೋರಿಸುತ್ತಿದ್ದ ಶವ ಯಾರದೋ ಬೇರೆಯವರದು. 1977ರಲ್ಲಿ ನೆಲಮಾಳಿಗೆಯ ಕೆಲಸ ಮಾಡುವಾಗ ಒಂದು ಸೀಸದ ಪೆಟ್ಟಿಗೆ ಸಿಕ್ಕಿತು. ಒಳಗೆ ಒಂದು ತಲೆಬುರುಡೆ, ಮುಚ್ಚಳದ ಮೇಲೆ ಇದು ಪಿಸಾರೊನ ತಲೆ ಎಂಬ ಬರಹ. ಇಂಕಾ ಸಾಮ್ರಾಜ್ಯವನ್ನೇ ಕೆಡವಿದವನ ಮೂಳೆಗೇ ವಿಳಾಸ ತಪ್ಪಿತ್ತು.

ಎರಡು ಬೀದಿ ಆಚೆ ಹಳದಿ ಬಣ್ಣದ ಸಾನ್ ಫ್ರಾನ್ಸಿಸ್ಕೊ ಮಠ. ಯುನೆಸ್ಕೊ 1988ರಲ್ಲಿ ಮೊದಲು ಪಟ್ಟಿಗೆ ಸೇರಿಸಿದ್ದು ಇದನ್ನು. ಉಳಿದ ಹಳೇ ಪೇಟೆ ಸೇರಿದ್ದು 1991ರಲ್ಲಿ. ಸುಮಾರು 25,000 ಹಳೆಯ ಪುಸ್ತಕಗಳ ಗ್ರಂಥಾಲಯ ಇಲ್ಲಿದೆ, ಆದರೂ ಜನ ಸಾಲುಗಟ್ಟುವುದು ನೆಲದಡಿಯ ಶವಾಗಾರಕ್ಕೆ. ಊರಿನ ಹೊರಗೆ 1808ರಲ್ಲಿ ಸ್ಮಶಾನ ಆಗುವ ತನಕ ಲಿಮಾದ ಜನರನ್ನು ಚರ್ಚುಗಳ ಅಡಿಯಲ್ಲೇ ಹೂಳುತ್ತಿದ್ದರು. ಇಲ್ಲೊಂದರಲ್ಲೇ ಅಂಥ 25,000 ಮಂದಿ ಇದ್ದಾರೆಂದು ಅಂದಾಜು. ಆಮೇಲೆ ಬಂದವರು ಮೂಳೆಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಒಂದು ಬಾವಿಯೊಳಗೆ ತೊಡೆಮೂಳೆ, ತಲೆಬುರುಡೆಗಳನ್ನು ವೃತ್ತ ವೃತ್ತವಾಗಿ ಜೋಡಿಸಿಟ್ಟಿದ್ದಾರೆ. ರಂಗೋಲಿ ಹಾಕಿದಷ್ಟು ಅಚ್ಚುಕಟ್ಟು. ನಡುಬಗ್ಗಿಸಿ ನಡೆಯಬೇಕಾದ ತಗ್ಗು ದಾರಿ, ಸೆಕೆ, ಹಳೆಯ ಧೂಳಿನ ವಾಸನೆ. ಉಸಿರು ಕಟ್ಟಿದಂತಾಗುವವರು, ಸಣ್ಣ ಮಕ್ಕಳಿರುವವರು ಮೇಲೇ ಉಳಿಯುವುದು ಒಳ್ಳೆಯದು. ಫೋಟೊ ತೆಗೆಯಲು ಬಿಡುವುದಿಲ್ಲ.

ನನಗೆ ಇದಕ್ಕಿಂತ ಹಿಡಿಸುವುದು ಸಾಂತೊ ದೊಮಿಂಗೊ ಮಠ. ಜನ ಕಡಿಮೆ, ಸ್ಪೇನಿನ ಸೆವಿಯಾದಿಂದ ತರಿಸಿದ ನೀಲಿ-ಹಳದಿ ಹಂಚುಗಳ ಅಂಗಳ, ಹತ್ತಿ ನೋಡಬಹುದಾದ ಗಂಟೆಗೋಪುರ. ಪೊರಕೆ ಹಿಡಿದ ಸಂತ ಮಾರ್ತಿನ್ ದೆ ಪೋರೆಸ್‌ನ ಸಮಾಧಿ ಇಲ್ಲೇ. ಕಪ್ಪು ತಾಯಿಗೆ ಹುಟ್ಟಿದನೆಂದು ಅವನನ್ನು ಮಠದಲ್ಲಿ ಆಳಿನ ಕೆಲಸಕ್ಕೆ ಇಟ್ಟುಕೊಂಡಿದ್ದರು. ಅವನ ಚಿತ್ರದಲ್ಲಿ ನಾಯಿ, ಬೆಕ್ಕು, ಇಲಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿರುತ್ತವೆ. ಲಿಮಾದ ಟ್ಯಾಕ್ಸಿಗಳಲ್ಲೂ ಅಂಗಡಿಗಳಲ್ಲೂ ಈತನ ಪಟ ಕಾಣುತ್ತದೆ. ಚೌಕದ ಬಳಿಯ ಅಧ್ಯಕ್ಷರ ಅರಮನೆಯ ಹಿಂದಿನ ದೆಸಾಂಪರಾದೋಸ್ ರೈಲು ನಿಲ್ದಾಣವನ್ನು ಈಗ ಸಾಹಿತ್ಯದ ಮನೆಯಾಗಿ ಮಾಡಿದ್ದಾರೆ. ಬಣ್ಣದ ಗಾಜಿನ ಸೂರು, ಪ್ರವೇಶ ಉಚಿತ. ಕಾಲು ನೋವು ಬಂದಾಗ ಕೂರಲು ತಕ್ಕ ಜಾಗ.

ಹಳೇ ಪೇಟೆಗೆ ಮಿರಾಫ್ಲೋರೆಸ್‌ನಿಂದ ಟ್ಯಾಕ್ಸಿಗಿಂತ ಮೆಟ್ರೊಪೊಲಿಟಾನೊ ಬಸ್ಸೇ ವೇಗ. ತನ್ನದೇ ಲೇನಿನಲ್ಲಿ ಓಡುವುದರಿಂದ ಸುಮಾರು ಅರ್ಧ ಗಂಟೆ ಸಾಕು. ಕಾರ್ಡಿಗೆ ದುಡ್ಡು ಹಾಕಿಸಿಕೊಂಡು ಹತ್ತಬೇಕು. ಬೆಳಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಮಾತ್ರ ಹತ್ತಬೇಡಿ, ಉಸಿರಾಡಲೂ ಜಾಗವಿರುವುದಿಲ್ಲ.

ಎಷ್ಟೇ ಹೊಗಳಿದರೂ ಕೊನೆಯ ದಿನಕ್ಕೆ ಹಳೇ ಪೇಟೆಯಲ್ಲಿ ಒಂದು ತೊಡಕಿದೆ. ಅಧ್ಯಕ್ಷರ ಅರಮನೆ, ಸಂಸತ್ತು ಎರಡೂ ಅಲ್ಲೇ ಇರುವುದರಿಂದ ಪ್ರತಿಭಟನೆಗಳೂ ಅಲ್ಲೇ. ಲಿಮಾದಲ್ಲಿ ಸರ್ಕಾರ ಅಲುಗಾಡುವುದು ಅಪರೂಪದ ಸಂಗತಿಯಲ್ಲ. ಅಂಥ ದಿನ ಪೊಲೀಸರು ಚೌಕದ ಸುತ್ತ ಕಬ್ಬಿಣದ ಬೇಲಿ ಎಳೆದು ದಾರಿ ಮುಚ್ಚುತ್ತಾರೆ. ಅಕ್ಟೋಬರಿನಲ್ಲಾದರೆ ಸೆನ್ಯೋರ್ ದೆ ಲೋಸ್ ಮಿಲಾಗ್ರೋಸ್, ಅಂದರೆ ಪವಾಡಗಳ ಪ್ರಭು ಕ್ರಿಸ್ತನ ಉತ್ಸವ. ನೇರಳೆ ನಿಲುವಂಗಿ ತೊಟ್ಟ ಲಕ್ಷಾಂತರ ಜನ ಬೀದಿಗಿಳಿಯುತ್ತಾರೆ. ನಮ್ಮ ತೇರನ್ನು ಎಳೆಯುತ್ತಾರೆ, ಅಲ್ಲಿ ದೇವರ ಪಟವನ್ನು ಹೆಗಲ ಮೇಲೆ ಹೊತ್ತು ಇಂಚಿಂಚಾಗಿ ಸಾಗುತ್ತಾರೆ. ನೋಡಲು ಕಣ್ಣು ಸಾಲದು, ಆದರೆ ವಿಮಾನ ಹಿಡಿಯಬೇಕಾದವರು ಅದರೊಳಗೆ ಸಿಕ್ಕಿಬೀಳಬಾರದು.

ಲಾರ್ಕೊ ಮ್ಯೂಸಿಯಂ

ಒಂದೇ ಜಾಗ ಹೇಳು ಅಂದರೆ ನಾನು ಹೇಳುವುದು ಇದನ್ನು. ವಿಮಾನ ನಿಲ್ದಾಣದ ದಾರಿಯಲ್ಲಿದೆ, ದೂರ ಮಿರಾಫ್ಲೋರೆಸ್‌ಗೆ ಹೋಲಿಸಿದರೆ ಹತ್ತಿರ ಹತ್ತಿರ ಅರ್ಧ. ವಾರದ ಏಳೂ ದಿನ ತೆರೆದಿರುತ್ತದೆ. ಪ್ರತಿಭಟನೆಯ ಕಾಟವಿಲ್ಲ, ಹವಾಮಾನದ ಹಂಗಿಲ್ಲ.

ಇದೆಲ್ಲ ಅನುಕೂಲದ ಮಾತಾಯಿತು. ಇನ್ನೊಂದು ಕಾರಣವೂ ಇದೆ. ಕುಸ್ಕೊ, ಮಚು ಪಿಚು ನೋಡಿ ಬಂದವರ ತಲೆಯಲ್ಲಿ ಪೆರು ಎಂದರೆ ಇಂಕಾ. ಇಂಕಾಗಳ ಸಾಮ್ರಾಜ್ಯ ಹಬ್ಬತೊಡಗಿದ್ದು 1438ರ ಸುಮಾರಿಗೆ. ಸ್ಪೇನಿಗರು ಇಂಕಾ ದೊರೆ ಅಟವಾಲ್ಪನನ್ನು ಸೆರೆಹಿಡಿದದ್ದು 1532ರಲ್ಲಿ. ನಡುವೆ ನೂರು ವರ್ಷವೂ ಇಲ್ಲ. ಆ ದೇಶದಲ್ಲಿ ಜನ ಊರು ಕಟ್ಟತೊಡಗಿ ಐದು ಸಾವಿರ ವರ್ಷವಾಗಿದೆ. ಮೋಚೆ, ನಾಸ್ಕಾ, ವಾರಿ, ಚಿಮು ಎಂದು ಒಬ್ಬರಾದ ಮೇಲೊಬ್ಬರು ಬಂದು ಹೋದ ಮೇಲೆ ಕೊನೆಯಲ್ಲಿ ಬಂದವರು ಇಂಕಾಗಳು. ಕೊನೆಯ ಅಧ್ಯಾಯ ಮಾತ್ರ ಓದಿ ಪುಸ್ತಕ ಮುಚ್ಚಿ ಮನೆಗೆ ಹೋಗುವ ಬದಲು ಹಿಂದಿನ ಪುಟಗಳನ್ನು ತಿರುವಿಹಾಕಲು ಎರಡೂವರೆ ಗಂಟೆ ಸಾಕಾಗುವ ಜಾಗ ಲಾರ್ಕೊ.

ರಫಾಯೆಲ್ ಲಾರ್ಕೊ ಓಯ್ಲೆ ಎಂಬಾತ 1926ರಲ್ಲಿ ಉತ್ತರ ಪೆರುವಿನ ತನ್ನ ಮನೆತನದ ಕಬ್ಬಿನ ಎಸ್ಟೇಟಿನಲ್ಲಿ ಶುರುಮಾಡಿದ ಸಂಗ್ರಹ ಇದು, ಆಮೇಲೆ ಲಿಮಾಕ್ಕೆ ಬಂತು. ಈಗಿನ ಕಟ್ಟಡ ಹದಿನೆಂಟನೇ ಶತಮಾನದ ಬಿಳಿ ಬಂಗಲೆ. ಗೋಡೆಯ ಮೇಲಿಂದ ಬಣ್ಣಬಣ್ಣದ ಕಾಗದದ ಹೂವಿನ ಬಳ್ಳಿಗಳು ಇಳಿಬಿದ್ದಿವೆ. ಬೊಟ್ಟಿನಷ್ಟಗಲದ ಚಿನ್ನದ ತಗಡಿನಿಂದ ಹಿಡಿದು ಇಡೀ ಮೈ ಮುಚ್ಚುವ ಚಿಮು ಒಡವೆಗಳವರೆಗೆ ಚಿನ್ನ ಬೇಕಾದಷ್ಟಿದೆ. ಹಗ್ಗದ ಗಂಟುಗಳಲ್ಲಿ ಲೆಕ್ಕ ಇಡುತ್ತಿದ್ದ ಕೀಪುಗಳಿವೆ. ಎಲ್ಲರೂ ಬೇಗ ಬೇಗ ದಾಟಿಬಿಡುವ ಮಣ್ಣಿನ ಪಾತ್ರೆಗಳ ಮುಂದೆ ಮಾತ್ರ ನೀವು ನಿಲ್ಲಬೇಕು.

ಮೋಚೆ ಕುಂಬಾರರು ಮನುಷ್ಯರ ಮುಖವನ್ನೇ ಹೂಜಿ ಮಾಡುತ್ತಿದ್ದರು. ದೇವರ ಮುಖವಲ್ಲ, ಇಂಥವನೇ ಎಂದು ಗುರುತು ಹಿಡಿಯಬಹುದಾದ ಮುಖ. ಉಬ್ಬಿದ ಕೆನ್ನೆ, ಕುಗ್ಗಿದ ಕಣ್ಣು, ಬಿಗಿದ ತುಟಿ. ತುಟಿಯ ಮೇಲೆ ಗಾಯದ ಗುರುತಿರುವ ಒಬ್ಬನನ್ನು ಹುಡುಗನಾಗಿದ್ದಾಗ ಒಂದು ಹೂಜಿಯಲ್ಲಿ, ಪ್ರಾಯಕ್ಕೆ ಬಂದಾಗ ಇನ್ನೊಂದರಲ್ಲಿ, ಮೂವತ್ತು ದಾಟಿದ ಮೇಲೆ ಮತ್ತೊಂದರಲ್ಲಿ ಮಾಡಿಟ್ಟಿದ್ದನ್ನು ವಿದ್ವಾಂಸರು ಗುರುತಿಸಿದ್ದಾರೆ. ಬರಹ ಇರದ ಜನ ಒಬ್ಬನ ಇಡೀ ಬಾಳನ್ನು ಮಣ್ಣಿನಲ್ಲಿ ಬರೆದರು. ಇದಾದ ಮೇಲೆ ಉಗ್ರಾಣಕ್ಕೆ ಹೋಗಿ. ಬೇರೆ ಮ್ಯೂಸಿಯಮ್ಮುಗಳು ಬೀಗ ಹಾಕಿಡುವ ಉಗ್ರಾಣವನ್ನು ಇಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನೆಲದಿಂದ ಸೂರಿನವರೆಗೆ ಗಾಜಿನ ಬೀರು, ಅದರಲ್ಲಿ ಗೂಬೆಗಳೆಲ್ಲ ಒಂದು ಕಡೆ, ಜೋಳದ ತೆನೆಗಳೆಲ್ಲ ಒಂದು ಕಡೆ, ಆಲೂಗಡ್ಡೆಗಳು, ಕಪ್ಪೆಗಳು, ಕಾಯಿಲೆಯವರು, ಕೈದಿಗಳು. ಒಟ್ಟು ಸಂಗ್ರಹ 45,000 ದಾಟುತ್ತದೆ.

ಇನ್ನೊಂದು ಕೋಣೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕಾಮಕಲೆಯ ಪಾತ್ರೆಗಳಿಗೇ ಮೀಸಲಾದ ಗ್ಯಾಲರಿ ತೋಟದ ಆಚೆ ಬದಿಗಿದೆ. ಯಾವುದನ್ನೂ ಮುಚ್ಚಿಟ್ಟಿಲ್ಲ. ಅತ್ತೆ-ಮಾವನ ಜೊತೆ ಹೋದವರು ಅವರನ್ನು ಕಾಫಿಗೆ ಕೂರಿಸಿ ಬರುವುದು ಎಲ್ಲರಿಗೂ ಸುಖ.

ದೊಡ್ಡ ಲಗೇಜನ್ನು ಹೋಟೆಲಿನಲ್ಲೇ ಬಿಟ್ಟು ಹೋದರೆ ಲಾರ್ಕೊದ ಅರ್ಧ ಲಾಭ ಹೋಯಿತು, ಅದನ್ನು ತರಲು ಮತ್ತೆ ದಕ್ಷಿಣಕ್ಕೆ ಹೋಗಬೇಕಲ್ಲ. ಮ್ಯೂಸಿಯಮ್ಮಿಗೆ ಮೊದಲೇ ಮೇಲ್ ಬರೆದು ಸೂಟ್‌ಕೇಸ್ ಇಟ್ಟುಕೊಳ್ಳುತ್ತೀರಾ ಅಂತ ಕೇಳಿ. ಇಲ್ಲವೆಂದರೆ ಅರ್ಧ ದಿನಕ್ಕೆ ಒಬ್ಬ ಡ್ರೈವರನ್ನು ಗೊತ್ತುಮಾಡಿಕೊಂಡು ಲಗೇಜು ಕಾರಿನಲ್ಲೇ ಇರಲಿ. ಹೋಟೆಲಿನವರೇ ಹುಡುಕಿ ಕೊಡುವ ಡ್ರೈವರಾದರೆ ಮನಸ್ಸಿಗೆ ಸಮಾಧಾನ. ಮೂರು ನಾಲ್ಕು ಜನರಿದ್ದರೆ ಹಂಚಿಕೊಂಡಾಗ ಹೊರೆಯೇನಲ್ಲ. ಲಿಮಾದ ಟ್ಯಾಕ್ಸಿಗಳಿಗೆ ಮೀಟರಿಲ್ಲ, ಬೀದಿಯಲ್ಲಿ ಕೈತೋರಿಸಿ ಹತ್ತುವುದಾದರೆ ಚೌಕಾಸಿ ಮೊದಲೇ ಮುಗಿಸಬೇಕು. ಅದಕ್ಕಿಂತ ಊಬರ್, ಕ್ಯಾಬಿಫೈ ಒಳ್ಳೆಯದು.

ಮಿರಾಫ್ಲೋರೆಸ್, ಬರಾಂಕೊ

ಏನೂ ಓಡಾಟ ಬೇಡ, ಸುಮ್ಮನೆ ನಡೆಯೋಣ ಅನ್ನುವವರಿಗೆ ಇದು. ಹೋಟೆಲಿನಿಂದ ಇಳಿದರೆ ಮಲೆಕೊನ್, ಅಂದರೆ ದಂಡೆಯಂಚಿನ ಉದ್ಯಾನಗಳ ಸಾಲು. ಕೆಳಗೆ ಶಾಂತಸಾಗರ, ಅದರಲ್ಲಿ ಅಲೆ ಕಾಯುತ್ತ ಕೂತ ಸರ್ಫಿಂಗ್ ಹುಡುಗರು, ತಲೆಯ ಮೇಲೆ ಪ್ಯಾರಾಗ್ಲೈಡರುಗಳು. ಪಾರ್ಕೆ ದೆಲ್ ಅಮೋರ್ ಉದ್ಯಾನದಲ್ಲಿ ವಿಕ್ಟೋರ್ ದೆಲ್ಫಿನ್ ಮಾಡಿದ, ಮುತ್ತಿಡುವ ಜೋಡಿಯ ದೊಡ್ಡ ಶಿಲ್ಪವಿದೆ. ಲಾರ್ಕೊಮಾರ್ ಎಂಬ ಮಾಲ್ ದಂಡೆಯ ಒಳಗೇ ಕೊರೆದಂತೆ ಕಟ್ಟಿದ್ದು. ಹೆಸರು ನೋಡಿ ಇದನ್ನೇ ಲಾರ್ಕೊ ಮ್ಯೂಸಿಯಂ ಎಂದು ಟ್ಯಾಕ್ಸಿಯವನಿಗೆ ಹೇಳಬೇಡಿ, ಎರಡೂ ಊರಿನ ಎರಡು ದಿಕ್ಕಿನಲ್ಲಿವೆ.

ಇಲ್ಲಿ ತಿಂಗಳು ನೋಡಿ ತೀರ್ಮಾನಿಸಬೇಕು. ಲಿಮಾ ಸಮಭಾಜಕದಿಂದ ದಕ್ಷಿಣಕ್ಕೆ 12 ಡಿಗ್ರಿ, ಬೆಂಗಳೂರು ಉತ್ತರಕ್ಕೆ 13 ಡಿಗ್ರಿ. ಆದರೂ ಅಲ್ಲಿ ಮಳೆಯೇ ಇಲ್ಲ, ಅದು ಮರುಭೂಮಿಯ ಊರು. ಹಂಬೋಲ್ಟ್ ಎಂಬ ತಣ್ಣನೆಯ ಸಾಗರಪ್ರವಾಹ ಕರಾವಳಿಗೆ ಒತ್ತಿಕೊಂಡು ಹರಿಯುವುದರಿಂದ ಮೋಡ ಕಟ್ಟುತ್ತದೆ, ಸುರಿಯುವುದಿಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ಆಕಾಶ ಬೂದಿ ಬಳಿದಂತಿರುತ್ತದೆ, ಗರುವಾ ಎಂಬ ಹನಿಹನಿ ಮಂಜು ಮುಖಕ್ಕೆ ಹತ್ತುತ್ತದೆ. ಮಚು ಪಿಚುಗೆ ಜನ ಹೆಚ್ಚಾಗಿ ಹೋಗುವುದು ಇದೇ ತಿಂಗಳುಗಳಲ್ಲಿ. ಆಗ ಕಡಲಂಚಿನಲ್ಲಿ ಸೂರ್ಯಾಸ್ತಕ್ಕೆ ಕಾದು ಕೂತರೆ ಬರುವುದು ನೆಗಡಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೋದವರಿಗೆ ಮಾತ್ರ ನಾನು ಕಡಲಂಚನ್ನು ಮನಸಾರೆ ಹೇಳುತ್ತೇನೆ.

ಮೋಡವಿದ್ದರೂ ಬಾಧಕವಿಲ್ಲದ ಒಂದು ಜಾಗ ಮಿರಾಫ್ಲೋರೆಸ್ ನಡುವೆಯೇ ಇದೆ, ವಾಕಾ ಪುಕ್ಯಾನಾ. ಇಂಕಾಗಳಿಗಿಂತ ಎಷ್ಟೋ ಶತಮಾನ ಮೊದಲು, ಕ್ರಿ.ಶ. 200ರಿಂದ 700ರ ನಡುವೆ ಲಿಮಾ ಸಂಸ್ಕೃತಿಯ ಜನ ಕಟ್ಟಿದ ಹಸಿ ಇಟ್ಟಿಗೆಯ ಪಿರಮಿಡ್ಡು. ಸುತ್ತ ಅಪಾರ್ಟ್‌ಮೆಂಟುಗಳು, ನಡುವೆ ಈ ಮಣ್ಣಿನ ಬೆಟ್ಟ. ಬಹುಕಾಲ ಜನ ಇದನ್ನು ಬರಿಯ ಗುಡ್ಡ ಅಂದುಕೊಂಡಿದ್ದರು. ಅಗೆತ ಕ್ರಮವಾಗಿ ಶುರುವಾದದ್ದು 1981ರಲ್ಲಿ. ಇಟ್ಟಿಗೆಗಳನ್ನು ಮಲಗಿಸದೆ, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಿ, ನಡುನಡುವೆ ಸಂದು ಬಿಟ್ಟಿದ್ದಾರೆ. ಭೂಕಂಪ ಬಂದಾಗ ಸಾಲುಗಳು ಅಲ್ಲಾಡಿ ಮತ್ತೆ ಕೂರುತ್ತವೆ. 1746ರ ಭೂಕಂಪಕ್ಕೆ ಸ್ಪೇನಿಗರ ಲಿಮಾ ನೆಲಕಚ್ಚಿತು, ಇದು ನಿಂತಿದೆ. ಮಂಗಳವಾರ ರಜೆ. ಬುಧವಾರದಿಂದ ಭಾನುವಾರದವರೆಗೆ ರಾತ್ರಿಯೂ ದೀಪ ಹಾಕಿ ಒಳಗೆ ಕರೆದೊಯ್ಯುತ್ತಾರೆ. ನಡುರಾತ್ರಿಯ ವಿಮಾನದವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಬರಾಂಕೊ ಬಣ್ಣದ ಹಳೆಯ ಮನೆಗಳ, ಗೋಡೆಚಿತ್ರಗಳ ಬಡಾವಣೆ. 1876ರ ಮರದ ಸೇತುವೆ, ಅದರ ಕೆಳಗೆ ಕಡಲಿಗೆ ಇಳಿಯುವ ಓಣಿ. ಚೆಂದವಿದೆ, ಆದರೆ ಅದರ ಜೀವ ಸಂಜೆಯ ಮೇಲೆ. ಹಗಲು ಹೋದರೆ ಅರ್ಧ ಅಂಗಡಿಗಳು ಮುಚ್ಚಿರುತ್ತವೆ. ಹಿಂದಿನ ಸಂಜೆಯೇ ನೋಡಿಬಿಡಿ.

ಪಚಕಾಮಾಕ್, ಕಡಲಸಿಂಹದ ದ್ವೀಪ

ಎರಡನ್ನೂ ಕೊನೆಯ ದಿನದ ಪಟ್ಟಿಯಿಂದ ನಾನು ತೆಗೆದುಹಾಕುತ್ತೇನೆ. ಪಚಕಾಮಾಕ್ ಪೇಟೆಯಿಂದ 30 ಕಿಲೋಮೀಟರ್ ಆಚೆ. ಭವಿಷ್ಯ ನುಡಿಯುವ ದೇವರೆಂದು ಇಡೀ ಕರಾವಳಿ ನಂಬಿದ್ದ ಕ್ಷೇತ್ರ. 1533ರಲ್ಲಿ ಪಿಸಾರೊನ ತಮ್ಮ ಎರ್ನಾಂದೊ ಚಿನ್ನ ಹುಡುಕಿಕೊಂಡು ಬಂದು ಗುಡಿ ಒಡೆಸಿದ. ಎರಡು ಮುಖದ ಮರದ ಮೂರ್ತಿ 1938ರಲ್ಲಿ ಸಿಕ್ಕಿ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ನೋಡಲೇಬೇಕಾದ ಜಾಗವೇ. ಆದರೆ ವಿಮಾನ ನಿಲ್ದಾಣಕ್ಕೆ ಪೂರ್ತಿ ಎದುರು ದಿಕ್ಕು, ಬಿಸಿಲಿನಲ್ಲಿ ಮರಳಿನ ನಡಿಗೆ, ಸೋಮವಾರ ರಜೆ. ಕೈಯಲ್ಲಿ ಎರಡು ದಿನವಿದ್ದರೆ ಮೊದಲ ದಿನ ಹೋಗಿ. ಕಯಾವೊದಿಂದ ದೋಣಿಯಲ್ಲಿ ಪಾಲೊಮಿನೊ ದ್ವೀಪಕ್ಕೆ ಕಡಲಸಿಂಹ ನೋಡಲು ಹೋಗುವುದು ನಕ್ಷೆಯಲ್ಲಿ ವಿಮಾನ ನಿಲ್ದಾಣಕ್ಕೆ ಹತ್ತಿರವೇನೋ ಹೌದು. ಒದ್ದೆ ಬಟ್ಟೆ, ಉಪ್ಪು ಮೈ, ವಾಂತಿ ಬರಿಸುವ ಅಲೆ, ಇವುಗಳ ಮೇಲೆ ಇಪ್ಪತ್ತು ಮೂವತ್ತು ಗಂಟೆಯ ವಿಮಾನ ಪ್ರಯಾಣ. ಬೇಡವೇ ಬೇಡ.

ಹಾಗಾದರೆ ಯಾರಿಗೆ ಯಾವುದು

ಸಂಜೆ 6ರಿಂದ 9ರೊಳಗಿನ ವಿಮಾನವಿದ್ದರೆ ಬೆಳಗ್ಗೆ ತೆರೆಯುವ ಹೊತ್ತಿಗೇ ಲಾರ್ಕೊ, ಅಲ್ಲೇ ತೋಟದಲ್ಲಿ ಊಟ, ಅಲ್ಲಿಂದಲೇ ವಿಮಾನ ನಿಲ್ದಾಣ. ನಡುರಾತ್ರಿಯದಾದರೆ ಬೆಳಗ್ಗೆ ಹಳೇ ಪೇಟೆ, ಮಧ್ಯಾಹ್ನ ಹೋಟೆಲಿಗೆ ಬಂದು ವಿಶ್ರಾಂತಿ, ಕತ್ತಲಾದ ಮೇಲೆ ವಾಕಾ ಪುಕ್ಯಾನಾ. ಅಂದು ಪ್ರತಿಭಟನೆಯ ಸುದ್ದಿಯಿದ್ದರೆ ಹಳೇ ಪೇಟೆಯ ಜಾಗಕ್ಕೆ ಲಾರ್ಕೊ. ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದು ಕುಸ್ಕೊದಲ್ಲೇ ಸುಸ್ತಾಗಿದ್ದರೆ ಲಾರ್ಕೊದ ತೋಟಕ್ಕಿಂತ ಒಳ್ಳೆಯ ಜಾಗವಿಲ್ಲ, ಹಳೇ ಪೇಟೆಯ ಕಲ್ಲುಹಾಸು ಮಂಡಿನೋವಿನವರಿಗಲ್ಲ. ಮಧ್ಯಾಹ್ನವೇ ವಿಮಾನವಿರುವವರು ಏನನ್ನೂ ನೋಡಲು ಹೋಗದೆ ಮಲೆಕೊನ್ ಮೇಲೆ ಒಂದು ಸುತ್ತು ನಡೆದು ಹೊರಡಿ. ಬೆಳಗ್ಗೆ ಕುಸ್ಕೊದಿಂದ ಬಂದು ಅದೇ ಸಂಜೆ ಊರಿಗೆ ಹೊರಡುವವರೂ ಇದ್ದಾರೆ. ಕುಸ್ಕೊ ವಿಮಾನ ಮಂಜಿಗೆ ಸಿಕ್ಕು ತಡವಾಗುವುದುಂಟು, ಅಂಥವರು ಲಾರ್ಕೊ ಒಂದನ್ನೇ ಇಟ್ಟುಕೊಳ್ಳಲಿ.

ಊಟದ ವಿಷಯ

ಸಸ್ಯಾಹಾರಿಗಳಿಗೆ ಮಿರಾಫ್ಲೋರೆಸ್ ಸಲೀಸು, ಹಳೇ ಪೇಟೆ ಸ್ವಲ್ಪ ಪಾಡು. "ಸಿನ್ ಕಾರ್ನೆ" (ಮಾಂಸ ಬೇಡ) ಎಂದಷ್ಟೇ ಹೇಳಿದರೆ ದನದ ಮಾಂಸ ಬಿಟ್ಟು ಕೋಳಿ ಹಾಕಿ ತರುತ್ತಾರೆ. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ" (ಮಾಂಸ, ಕೋಳಿ, ಮೀನು ಬೇಡ) ಎಂದು ಮೂರನ್ನೂ ಹೇಳಿ. ಪಾಪಾ ಆ ಲಾ ವಾಂಕಾಯಿನಾ ಅಂದರೆ ಬೇಯಿಸಿದ ಆಲೂಗಡ್ಡೆಯ ಮೇಲೆ ಚೀಸು, ಹಳದಿ ಮೆಣಸಿನಕಾಯಿ ರುಬ್ಬಿದ ಗೊಜ್ಜು. ಮೇಲೆ ಮೊಟ್ಟೆ ಇಡುತ್ತಾರೆ, ಬೇಡವೆನ್ನಬಹುದು. ಹಳೇ ಪೇಟೆಯಲ್ಲಾದರೆ ಕಾಪೊನ್ ಬೀದಿಯ ಚೀನೀ ಹೋಟೆಲುಗಳು, ಅಲ್ಲಿ ಅವಕ್ಕೆ ಚೀಫಾ ಅನ್ನುತ್ತಾರೆ, ತರಕಾರಿ ನೂಡಲ್ಸಿಗೆ ಅಡ್ಡಿಯಿಲ್ಲ. ಸಂಜೆ ಕೆನಡಿ ಪಾರ್ಕಿನ ಗಾಡಿಗಳಲ್ಲಿ ಪಿಕರೋನೆಸ್ ಕರಿಯುತ್ತಾರೆ. ಗೆಣಸು, ಕುಂಬಳ ಬೆರೆಸಿದ ಹಿಟ್ಟನ್ನು ಒದ್ದೆ ಕೈಯಲ್ಲಿ ತೂತು ಮಾಡಿ ಎಣ್ಣೆಗೆ ಬಿಟ್ಟು, ಕಡ್ಡಿಯಲ್ಲಿ ತಿರುಗಿಸಿ ತೆಗೆದು, ಮೇಲೆ ಬೆಲ್ಲದ ಪಾಕ ಸುರಿದು ಕೊಡುತ್ತಾರೆ. ಬಿಸಿಯಿದ್ದಾಗಲೇ ತಿನ್ನಬೇಕು, ಪಾರ್ಸೆಲ್ ಮಾಡಿಸಿದರೆ ಮೆತ್ತಗಾಗಿ ಕೆಡುತ್ತದೆ.

ಕೊಳ್ಳುವುದಿದ್ದರೆ ಪೆಟಿಟ್ ತುವಾರ್ಸ್ ರಸ್ತೆಯ ಇಂಡಿಯನ್ ಮಾರ್ಕೆಟ್ಟು (ಭಾರತದ್ದಲ್ಲ, ಪೆರುವಿನ ಕರಕುಶಲ ವಸ್ತುಗಳದ್ದು) ಮಿರಾಫ್ಲೋರೆಸ್‌ನಲ್ಲೇ ಇದೆ, ಅದಕ್ಕೆ ಒಂದು ಗಂಟೆ ಸಾಕು. ಕುಸ್ಕೊದಲ್ಲಿ ತಲೆಸುತ್ತಿಗೆಂದು ಕೊಂಡ ಕೋಕಾ ಎಲೆ, ಕೋಕಾ ಚಹಾದ ಪ್ಯಾಕೆಟ್ಟು ಬ್ಯಾಗಿನಲ್ಲಿ ಉಳಿದಿದ್ದರೆ ಹೋಟೆಲಿನಲ್ಲೇ ಬಿಟ್ಟುಬಿಡಿ. ಪೆರುವಿನಲ್ಲಿ ಅದು ಅಂಗಡಿಯಲ್ಲಿ ಸಿಗುವ ಸಾಮಾನು, ಭಾರತದಲ್ಲೂ ಅಮೆರಿಕದಲ್ಲೂ ಮಾದಕವಸ್ತು ಕಾನೂನಿನಡಿ ಬರುತ್ತದೆ.